ಸುಳ್ಳು ಸಿಪಾಯಿಗೆ ಸಲಾಮು ಸಾಕು

ಸೈನ್ಯದಲ್ಲಿದ್ದೆನೆಂದು ಸುಳ್ಳು ಹೇಳತಕ್ಕ ಮನುಷ್ಯ ಎಂದೂ ಸಣ್ಣ ಸುಳ್ಳು ಹೇಳುವುದಿಲ್ಲ. ಸಿಂಧನೂರಿನ ಚಹಾದಂಗಡಿಯಲ್ಲಾಗಲಿ, ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಾಗಲಿ, ಮಸ್ಕಿಯ ಸಂತೆಯಲ್ಲಾಗಲಿ 'ನಾನು ಪಲ್ಟನ್ನಿನಲ್ಲಿ ಅಡಿಗೆ ಮಾಡುತ್ತಿದ್ದೆ', 'ಲಾರಿ ಹೊಡೆಯುತ್ತಿದ್ದೆ', 'ರಸ್ತೆಗೆ ಕಲ್ಲು ಹಾಕುತ್ತಿದ್ದೆ' ಎಂದು ಸುಳ್ಳು ಹೇಳಿದವನನ್ನು ನಾವು ಇದುವರೆಗೆ ಕಂಡಿಲ್ಲ. ಹೇಳಿದರೆ ಅವನು ಕಮಾಂಡೋ! ವಿಮಾನದಿಂದ ಹಾರಿದವನು, ಕತ್ತಲಲ್ಲಿ ಗಡಿ ದಾಟಿದವನು, ಹೆಸರು ಹೇಳಬಾರದ ಕಾರ್ಯಾಚರಣೆ ಮಾಡಿ ಬಂದವನು! ಯಾವ ಪಲ್ಟನ್ನು ಎಂದು ಕೇಳಿದರೆ 'ಅದು ಗುಟ್ಟು' ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಇದೇಕೆ ಹೀಗೆ? ವ್ಯಾಪಾರ ಮಾಡುವ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಖೋಟಾ ನೋಟು ಅಚ್ಚು ಹಾಕುವವನು ಐನೂರರ ನೋಟನ್ನು ಅಚ್ಚು ಹಾಕುತ್ತಾನೆಯೇ ಹೊರತು ಹತ್ತರ ನೋಟನ್ನಲ್ಲ. ಪೇಟೆಯಲ್ಲಿ ಯಾವುದಕ್ಕೆ ಬೆಲೆಯುಂಟೋ ಅದಕ್ಕೇ ಖೋಟಾ ಹುಟ್ಟುತ್ತದೆ. 'ಕಮಾಂಡೋ' ಎಂಬ ಮಾತಿಗೆ ಐನೂರು, 'ಅಡಿಗೆಯವ' ಎಂಬ ಮಾತಿಗೆ ಹತ್ತು ಎಂದು ಬೆಲೆ ಕಟ್ಟಿದವರು ಯಾರು? ನಾವೇ. ದುಡಿಮೆಯನ್ನು ಕೀಳೆಂದೂ ಬಿರುದನ್ನು ಮೇಲೆಂದೂ ಎಣಿಸುವ ನಮ್ಮ ಹಳೆಯ ರೋಗವೇ ಈ ಸುಳ್ಳು ಸಿಪಾಯಿಯನ್ನು ಹೆತ್ತಿದೆ. ಇದು ನಮ್ಮ ಮೊದಲ ಮಾತು, ಕಡೆಯ ಮಾತೂ ಇದೇ.

'ಯಾವನೋ ಬಡಾಯಿ ಕೊಚ್ಚಿಕೊಂಡರೆ ಯಾರ ಗಂಟು ಹೋಯಿತು?' ಎಂದು ಕೇಳುವವರುಂಟು. ಗಂಟು ಹೋಗುತ್ತಿದೆ. ಅದೂ ಬಡವನ ಗಂಟೇ ಹೋಗುತ್ತಿದೆ.

ಬೆಂಗಳೂರು ಮೊದಲ್ಗೊಂಡು ರಾಜ್ಯದ ಊರೂರುಗಳಲ್ಲಿ ಕೆಲವು ವರ್ಷಗಳಿಂದ ನಡೆದಿರುವ ಮೋಸದ ಕಥೆ ಇದು. ಅಂಗಡಿಗೋ ಖಾನಾವಳಿಗೋ ಒಂದು ದೂರವಾಣಿ ಕರೆ ಬರುತ್ತದೆ. ಮಾತನಾಡುವವನು ಸೈನ್ಯದ ಅಧಿಕಾರಿ! ಗಂಭೀರ ಧ್ವನಿ, ಗತ್ತಿನ ಹಿಂದಿ. ತುಕಡಿಗೆ ಇಪ್ಪತ್ತು ಚೀಲ ಅಕ್ಕಿಯೋ ನೂರು ಊಟವೋ ಬೇಕು ಎನ್ನುತ್ತಾನೆ. ನಂಬಿಕೆ ಹುಟ್ಟಲೆಂದು ಸಮವಸ್ತ್ರದ ಭಾವಚಿತ್ರ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡುಗಳ ಚಿತ್ರಗಳನ್ನು ಮೊಬೈಲಿಗೆ ಕಳಿಸುತ್ತಾನೆ. ಸಾಮಾನು ಕಟ್ಟಿಟ್ಟ ಮೇಲೆ ಹಣದ ಮಾತು ಬರುತ್ತದೆ. 'ಸೈನ್ಯದ ಲೆಕ್ಕಾಚಾರವೇ ಬೇರೆ. ನಾನು ಕಳಿಸುವ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಒತ್ತಿರಿ, ಹಣ ನಿಮ್ಮ ಖಾತೆಗೆ ಬರುತ್ತದೆ' ಎನ್ನುತ್ತಾನೆ. ಅಂಗಡಿಯವನು ಒತ್ತುತ್ತಾನೆ. ಹಣ ಬರುವುದಿಲ್ಲ, ಹೋಗುತ್ತದೆ. ಹಳೆಯ ಮೋಟಾರು ಸೈಕಲ್ಲು, ಮನೆ ಸಾಮಾನು ಮಾರುವ ನೆಪದಲ್ಲಿಯೂ ಇದೇ ಆಟ: 'ನಾನು ಜವಾನ, ಗಡಿಗೆ ವರ್ಗವಾಗಿದೆ, ಅಗ್ಗಕ್ಕೆ ಕೊಡುತ್ತೇನೆ, ಮುಂಗಡ ಕಳಿಸಿ.'

ಇಲ್ಲಿ ಒಂದು ಸಂಗತಿಯನ್ನು ಪ್ರತಿಯೊಬ್ಬ ಕಿರಾಣಿ ಅಂಗಡಿಯವನೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು. ಹಣ ಕೊಡುವುದಕ್ಕೆ ಪಿನ್ ಬೇಕು, ತೆಗೆದುಕೊಳ್ಳುವುದಕ್ಕೆ ಪಿನ್ ಬೇಡ. 'ಹಣ ಕಳಿಸುತ್ತೇನೆ, ಪಿನ್ ಒತ್ತು' ಎಂದವನು ಜನರಲ್ ಆದರೂ ಸರಿಯೆ, ಅವನು ಠಕ್ಕ. ಮೋಸ ಹೋದರೆ ತಲೆಯ ಮೇಲೆ ಕೈಹೊತ್ತು ಕೂಡದೆ ಆ ಗಳಿಗೆಯಲ್ಲೇ 1930 ಸಂಖ್ಯೆಗೆ ದೂರು ಹೇಳಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿ ಮಾಯವಾಗುತ್ತದೆ.

ಎರಡನೆಯ ಮೋಸ ಇದಕ್ಕಿಂತ ಕ್ರೂರವಾದುದು. ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲನಿಗೆ ಹತ್ತನೆಯ ತರಗತಿ ಮುಗಿಸಿದ ಮಗನಿದ್ದಾನೆ ಎನ್ನಿ. ಹುಡುಗ ಬೆಳಗಿನ ಜಾವಕ್ಕೆದ್ದು ಕಾಲುವೆಯ ದಂಡೆಯಗುಂಟ ಓಡುತ್ತಾನೆ. ಆಗ ಹಸಿರು ಚುಕ್ಕೆಯ ಅಂಗಿ ತೊಟ್ಟ ಒಬ್ಬ ಮಹಾಶಯ ಬರುತ್ತಾನೆ. 'ಕರ್ನಲ್ ಸಾಹೇಬರು ನಮ್ಮವರೇ, ಇಷ್ಟು ಕೊಟ್ಟರೆ ಭರ್ತಿ ಖಂಡಿತ' ಎನ್ನುತ್ತಾನೆ. ತಂದೆ ಸಾಲ ಮಾಡುತ್ತಾನೆ, ತಾಯಿ ಕೊರಳಿನದನ್ನು ಒತ್ತೆಯಿಡುತ್ತಾಳೆ. ಕೆಲವು ತಿಂಗಳಿಗೆ ಮೊಹರು ಹೊಡೆದ ಒಂದು ನೇಮಕದ ಕಾಗದವೂ ಬರುತ್ತದೆ. ಹುಡುಗ ಅದನ್ನು ಹಿಡಿದು ರೈಲು ಹತ್ತಿ ಹೋದಾಗ ಬಾಗಿಲಿನ ಕಾವಲುಗಾರನೇ ಅದು ಖೋಟಾ ಎಂದು ಹೇಳಿ ಹಿಂದಕ್ಕೆ ಕಳಿಸುತ್ತಾನೆ. ಇಂಥ ಪ್ರಕರಣಗಳು ದೇಶದ ನಾನಾ ಕಡೆ ಪೊಲೀಸರ ದಫ್ತರ ಸೇರಿವೆ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡ ಮನೆಗಳೂ ಇರಲೇಬೇಕು. ಆದುದರಿಂದ ಮತ್ತೆ ಮತ್ತೆ ಹೇಳುತ್ತೇವೆ: ಸೈನ್ಯದ ಭರ್ತಿಗೆ ದಲಾಲರಿಲ್ಲ. 2023ರಿಂದ ಮೊದಲು ಕಂಪ್ಯೂಟರಿನ ಮೇಲೆ ಲಿಖಿತ ಪರೀಕ್ಷೆ, ಆಮೇಲೆ ಓಟ ಮತ್ತು ವೈದ್ಯಕೀಯ ತಪಾಸಣೆ, ಇದೇ ದಾರಿ. ನಮ್ಮ ರಾಯಚೂರು ಜಿಲ್ಲೆಯ ಭರ್ತಿ ಬೆಳಗಾವಿಯ ಕಚೇರಿಗೆ ಸೇರಿದ್ದು. ಅಲ್ಲಿ ವಿಚಾರಿಸುವುದಕ್ಕೆ ಯಾವ ಕರ್ನಲನ ಚೀಟಿಯೂ ಬೇಡ.

ಸುಳ್ಳು ಯೋಧ ನಿಜ ಯೋಧನ ಅನ್ನಕ್ಕೂ ಕೈಹಾಕುತ್ತಾನೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. ನಮ್ಮ ನಾಡು ನಿಜಾಮನ ಕೈಕೆಳಗಿದ್ದ ನಾಡು. 1947-48ರಲ್ಲಿ ರಜಾಕಾರರ ಹಾವಳಿಗೆ ಎದುರಾಗಿ ಮುಂಡರಗಿ, ಗಜೇಂದ್ರಗಡಗಳಂಥ ಗಡಿಯಾಚೆಯ ಊರುಗಳಲ್ಲಿ ಹೋರಾಟದ ಶಿಬಿರಗಳು ನಡೆದವು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1972ರಲ್ಲಿ ಕೇಂದ್ರ ಸರಕಾರ ಸ್ವಾತಂತ್ರ್ಯ ಯೋಧರಿಗೆ ಪಿಂಚಣಿ ಆರಂಭಿಸಿ 1980ರಲ್ಲಿ ಅದನ್ನು ವಿಸ್ತರಿಸಿತು. ಹೈದರಾಬಾದ್ ಹೋರಾಟಗಾರರೂ ಅದರೊಳಗೆ ಬಂದರು. ಬಂದದ್ದೇ ತಡ, ನಿಜವಾದವರ ಸಾಲಿನಲ್ಲಿ ಹುಸಿಯಾದವರೂ ನುಸುಳಿದರು. ನಮ್ಮಂತೆಯೇ ನಿಜಾಮನ ಆಳ್ವಿಕೆ ಕಂಡ, ಈಗ ಮಹಾರಾಷ್ಟ್ರದಲ್ಲಿರುವ ಬೀಡ್ ಜಿಲ್ಲೆಯಲ್ಲಿ ಈ ಹಗರಣ ಎಷ್ಟು ಬೆಳೆಯಿತೆಂದರೆ ನ್ಯಾಯಮೂರ್ತಿ ಪಾಲ್ಕರ್ ಆಯೋಗ ಕುಳಿತು ವಿಚಾರಣೆ ಮಾಡಬೇಕಾಯಿತು. 2005ರಲ್ಲಿ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ತೀರ್ಪು ಕೊಟ್ಟಿತು. ನಿಜ ಹೋರಾಟಗಾರನಿಗೆ ಪೂರ್ಣ ಗೌರವ ಸಲ್ಲಬೇಕು, ಆದರೆ ಹೋರಾಟದಲ್ಲಿ ಪಾತ್ರವೇ ಇಲ್ಲದವನು ಆ ಉದಾರತೆಯ ಲಾಭ ಪಡೆಯಕೂಡದು ಎಂಬುದು ಅದರ ಸಾರ.

ಈ ಕಥೆಯಲ್ಲಿ ದುಡಿಯುವವರು ಗಮನಿಸಬೇಕಾದದ್ದು ಒಂದುಂಟು. ಒಬ್ಬ ಹೋರಾಟಗಾರನ ಪ್ರಮಾಣಪತ್ರವೇ ಇನ್ನೊಬ್ಬನಿಗೆ ಆಧಾರವಾಗುವ ಕಡೆ ವಶೀಲಿಯುಳ್ಳವನಿಗೆ ಕಾಗದ ಸಿಕ್ಕೀತು. ರಾತ್ರಿಯಲ್ಲಿ ಶಿಬಿರಕ್ಕೆ ರೊಟ್ಟಿ ಹೊತ್ತ ಹೆಂಗಸಿಗೆ, ಓಲೆ ಮುಟ್ಟಿಸಿದ ದನಗಾಹಿ ಹುಡುಗನಿಗೆ ಯಾರು ಪ್ರಮಾಣಪತ್ರ ಬರೆದುಕೊಟ್ಟಾರು? ಹೊತ್ತವರು ಮರೆತುಹೋಗುತ್ತಾರೆ, ಹೇಳಿಕೊಂಡವರು ವೇದಿಕೆ ಏರುತ್ತಾರೆ. ಹುಸಿ ಹೋರಾಟಗಾರ ಹೋದ, ಹುಸಿ ಕಮಾಂಡೋ ಬಂದ. ಹೂವಿನ ಹಾರ ಮಾತ್ರ ಅದೇ.

ಈ ರೋಗ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ. ಅಮೆರಿಕದಲ್ಲಿ ಅಲ್ವಾರೆಜ್ ಎಂಬಾತ ನೀರು ಸರಬರಾಜು ಮಂಡಳಿಯೊಂದರ ಸದಸ್ಯ. ತಾನು ನೌಕಾಪದಾತಿ ದಳದಲ್ಲಿದ್ದೆನೆಂದೂ ದೇಶದ ಅತ್ಯುನ್ನತ ಶೌರ್ಯಪದಕ ಪಡೆದೆನೆಂದೂ ಸಭೆಯಲ್ಲಿಯೇ ಹೇಳಿದ. ಎರಡೂ ಸುಳ್ಳು. ಅಂಥ ಸುಳ್ಳನ್ನೇ ಅಪರಾಧವೆಂದ 2005ರ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟು 2012ರಲ್ಲಿ ತಳ್ಳಿಹಾಕಿತು. 2013ರಲ್ಲಿ ಬಂದ ಹೊಸ ಕಾನೂನು, ಹಣಕ್ಕಾಗಿ ಅಥವಾ ಲಾಭಕ್ಕಾಗಿ ಪದಕದ ಸುಳ್ಳು ಹೇಳಿದವನನ್ನು ಮಾತ್ರ ಹಿಡಿಯುತ್ತದೆ. ನಮ್ಮಲ್ಲಿ 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 168ನೆಯ ಕಲಮಿನ ಪ್ರಕಾರ, ಸೈನಿಕನೆಂದು ನಂಬಿಸಲು ಸೈನಿಕನ ವೇಷ ಧರಿಸಿದವನಿಗೆ ಮೂರು ತಿಂಗಳವರೆಗೆ ಸೆರೆವಾಸವಾಗಬಹುದು. ಇನ್ನೊಬ್ಬನ ಸೋಗು ಹಾಕಿ ವಂಚಿಸಿದವನಿಗೆ 319ನೆಯ ಕಲಮಿನಲ್ಲಿ ಐದು ವರ್ಷದವರೆಗೆ. ಕಾನೂನು ಇದೆ. ಇಲ್ಲದ್ದು ದೂರು ಕೊಡುವವನ ಧೈರ್ಯ.

ಧೈರ್ಯವೇಕೆ ಇಲ್ಲ? 'ಯೋಧನನ್ನು ಪ್ರಶ್ನಿಸುವುದು ದೇಶದ್ರೋಹ' ಎಂಬ ಮಾತನ್ನು ನಮ್ಮ ಕಿವಿಯಲ್ಲಿ ಊದಿದ್ದಾರೆ. ನಾವು ಕೇಳುತ್ತೇವೆ: ನಿಜವಾದ ಮಾಜಿ ಸೈನಿಕ ಕಾಗದ ತೋರಿಸಲು ಎಂದಾದರೂ ಹಿಂಜರಿದಿದ್ದಾನೆಯೇ? ಅವನಲ್ಲಿ ಬಿಡುಗಡೆಯ ಪುಸ್ತಕವಿದೆ, ಪಿಂಚಣಿಯ ಆದೇಶವಿದೆ, ಸೈನಿಕ ಕಲ್ಯಾಣ ಇಲಾಖೆಯ ಗುರುತಿನ ಚೀಟಿಯಿದೆ. ಹದಿನೈದಿಪ್ಪತ್ತು ವರ್ಷ ಹಾಜರಿ ಕೂಗಿಸಿಕೊಂಡವನಿಗೆ ಹೆಸರು, ನಂಬರು, ಪಲ್ಟನ್ನು ಹೇಳುವುದು ಅಪಮಾನವಲ್ಲ, ಅಭ್ಯಾಸ. ಸಿಟ್ಟಿಗೇಳುವವನು ಯಾರೆಂದರೆ ತೋರಿಸಲು ಏನೂ ಇಲ್ಲದವನು. ತೂಕದ ಕಲ್ಲನ್ನು ಪರೀಕ್ಷಿಸಿದರೆ ಪ್ರಾಮಾಣಿಕ ವ್ಯಾಪಾರಿಗೆ ನಷ್ಟವುಂಟೆ?

ಹಾಗಾದರೆ ನಿಜವಾದ ಸೈನ್ಯ ಯಾವುದು? ಅದು ಬಹುಪಾಲು ನಮ್ಮಂಥವರದೇ. ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದ್ರಾಸ್ ಸ್ಯಾಪರ್ಸ್ ಪಡೆಯವರ ಕೆಲಸವೇ ಸೇತುವೆ ಕಟ್ಟುವುದು, ದಾರಿ ಕಡಿಯುವುದು, ನೆಲಬಾಂಬು ತೆಗೆಯುವುದು. ಅನ್ನ ಮುಟ್ಟಿಸುವವರು, ಲಾರಿ ನಡೆಸುವವರು, ಗಾಯ ಕಟ್ಟುವವರು ಇಲ್ಲದಿದ್ದರೆ ಯಾವ ಕಮಾಂಡೋ ಒಂದು ದಿನ ನಿಂತಾನು? ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯಿರಿ. ಕಮಾಂಡೋ ಅಲ್ಲ, ಮದ್ರಾಸ್ ರೆಜಿಮೆಂಟಿನ ಒಬ್ಬ ಲ್ಯಾನ್ಸ್ ನಾಯಕ್. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಜನ ಹೂತುಹೋದರು. ಆರು ದಿನಗಳ ಮೇಲೆ ಅವರೊಬ್ಬರು ಜೀವಂತವಾಗಿ ಸಿಕ್ಕರು. 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಅಲ್ಲಿ ಮಾಡುತ್ತಿದ್ದುದು ಕಾವಲು. ಚಳಿಯಲ್ಲಿ ನಿಂತು ಕಾಯುವ ಕೆಲಸ, ಅಷ್ಟೇ. ಸುಳ್ಳು ಹೇಳುವವನು ಎಂದೂ ಹೇಳಿಕೊಳ್ಳದ ಕೆಲಸ ಅದು.

ಸಿಪಾಯಿಯನ್ನು ಹಾಡಿ ಹೊಗಳುವ ಸರಕಾರಕ್ಕೂ ಒಂದು ಮಾತು. 2022ರ ಜೂನಿನಲ್ಲಿ ಅಗ್ನಿಪಥ ಯೋಜನೆ ತಂದು, ಭರ್ತಿಯಾದ ಹುಡುಗರಿಗೆ ನಾಲ್ಕು ವರ್ಷದ ನೌಕರಿ ಎಂದಿತು. ಅವರಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು ಜನರನ್ನು ಮಾತ್ರ ಉಳಿಸಿಕೊಳ್ಳುವುದೆಂದಿತು. ಹೊರಬಿದ್ದವರಿಗೆ ಒಂದು ಗಂಟು ಹಣವುಂಟು, ಪಿಂಚಣಿ ಇಲ್ಲ. ಬಾಯಲ್ಲಿ ಸಲಾಮು, ಪಿಂಚಣಿಯ ಪೆಟ್ಟಿಗೆಗೆ ಬೀಗ! ನೌಕರಿ ಅಪರೂಪವಾದಲ್ಲಿ ದಲಾಲ ಹುಟ್ಟುತ್ತಾನೆ. ಗೌರವ ಬರಿಯ ಮಾತಾದಲ್ಲಿ ಮಾತಿನ ಶೂರ ಹುಟ್ಟುತ್ತಾನೆ. ಠಕ್ಕನನ್ನು ಹಿಡಿಯುವುದರ ಜೊತೆಗೆ ಅವನಿಗೆ ಹೊಲ ಹದಮಾಡಿ ಕೊಟ್ಟವರನ್ನೂ ಕೇಳಬೇಕು.

ಸೈನ್ಯದ ಲೆಕ್ಕ ಕೇಳುವ ಹಕ್ಕು ನಮಗೆ ಹೊಸದಲ್ಲ. ಲಿಂಗಸುಗೂರು ಒಂದು ಕಾಲದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿಯಾಗಿತ್ತು. ಆ ಪಡೆಯ ಖರ್ಚಿಗೆಂದೇ 1853ರಲ್ಲಿ ಇಂಗ್ಲಿಷರು ನಿಜಾಮನಿಂದ ರಾಯಚೂರು ದೋಆಬನ್ನು ಬರೆಸಿಕೊಂಡು 1860ರವರೆಗೆ ಇಟ್ಟುಕೊಂಡರು. ಎಂದರೆ ಕೃಷ್ಣೆ ತುಂಗಭದ್ರೆಗಳ ನಡುವಿನ ಜೋಳದ ಹೊಲಗಳ ಕಂದಾಯದಿಂದ ಸಿಪಾಯಿಯ ಪಗಾರ ಹೋಗುತ್ತಿತ್ತು. ಅಂದೂ ಕೊಟ್ಟವರು ನಾವು, ಇಂದೂ ಕೊಡುವವರು ನಾವು. ಕೊಡುವವನು ಕೇಳಬಾರದೆಂದರೆ ಯಾವ ನ್ಯಾಯ?

ಕೇಳುವುದು ಹೇಗೆಂದು ಮಸ್ಕಿಯ ಬಂಡೆ ಕಲಿಸುತ್ತದೆ. ದೇಶದ ಬೇರೆ ಬೇರೆ ಕಡೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿತ್ತು. ಆ ಬಿರುದಿನವನು ಯಾರೆಂದು ಆ ಕಲ್ಲುಗಳು ಹೇಳಿರಲಿಲ್ಲ. 1915ರಲ್ಲಿ ಮಸ್ಕಿಯ ಶಾಸನ ಬೆಳಕಿಗೆ ಬಂದಾಗ ಬಿರುದಿನ ಪಕ್ಕದಲ್ಲಿ ಅಶೋಕ ಎಂಬ ಹೆಸರಿತ್ತು. ಚಕ್ರವರ್ತಿಯ ಬಿರುದನ್ನೂ ಪಂಡಿತರು ಹೆಸರು ಕಾಣುವವರೆಗೆ ಒರೆಗೆ ಹಚ್ಚಿದರು. ಹಾಗಿರುವಾಗ ಚಹಾದಂಗಡಿಯ ಕಮಾಂಡೋ ಯಾವ ದೊಡ್ಡವನು?

ಆದುದರಿಂದ ಗಿರಣಿಯ ಬಂಧುಗಳೇ, ಅಂಗಡಿಯ ಬಂಧುಗಳೇ, ಬಿರುದು ಹೇಳಿದವನ ಹೆಸರು ಕೇಳಿರಿ, ನಂಬರು ಕೇಳಿರಿ, ಕಾಗದ ಕೇಳಿರಿ. ಉತ್ಸವ ಸಮಿತಿಯವರು ಹಾರ ಹಾಕುವ ಮೊದಲು ಕೇಳಲಿ. ಚುನಾವಣೆಯಲ್ಲಿ 'ಮಾಜಿ ಯೋಧ' ಎಂದು ಕೈಮುಗಿದು ಬಂದವನನ್ನೂ ಕೇಳಿರಿ. ನಿಜವಾದವನಾದರೆ ಕುರ್ಚಿ ಹಾಕಿ ಕೂಡಿಸಿರಿ. ಅಡಿಗೆಯವನಾಗಿದ್ದರೂ ಸರಿ, ಅದೇ ಕುರ್ಚಿ, ಅದೇ ಚಹ. ಪಲ್ಟನ್ನಿನ ಅಡಿಗೆಯವನಿಗೂ ಕಮಾಂಡೋವಿಗೂ ನಮ್ಮ ಊರಿನಲ್ಲಿ ಒಂದೇ ಮರ್ಯಾದೆ ಸಿಗುವ ದಿನ ಸುಳ್ಳು ಕಮಾಂಡೋವಿನ ಅಂಗಡಿ ತಾನಾಗಿ ಮುಚ್ಚುತ್ತದೆ.