ಹಳ್ಳಿಗೆ ತಜ್ಞರು ಬೇಡವೇ?

ಹಳ್ಳಿಗೆ ಎಂಬಿಬಿಎಸ್ ವೈದ್ಯರೇ ಸಾಕು, ತಜ್ಞ ಪದವಿಗೆ ಓದುವುದೆಲ್ಲ ಪೇಟೆ ಸೇರುವ ನೆಪ ಎಂಬ ವಾದದ ಲೇಖನವೊಂದು ಅಚ್ಚಾಗಿದೆ. ಬರೆದವರು ಹನೂರು ಸೀಮೆಯ ನಮ್ಮ ಕೌದಳ್ಳಿ ಕಡೆಗೊಮ್ಮೆ ಬಂದು ಕೇಳಬೇಕಿತ್ತು.

2018ರ ಡಿಸೆಂಬರ್ 14ರಂದು ಇದೇ ಹನೂರು ಸೀಮೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆಸಿದ್ದ ಪ್ರಸಾದ ತಿಂದು 17 ಜನ ಸತ್ತರು. ಇಂಥ ವಿಷಕ್ಕೆ ಅಟ್ರೋಪಿನ್ ಕೊಡಲು ಎಂಬಿಬಿಎಸ್ ಸಾಕು, ನಿಜ. ಉಸಿರಾಟದ ಸ್ನಾಯುಗಳೇ ಸೋತರೆ? ಗಂಟಲಿಗೆ ನಳಿಗೆ ಇಳಿಸಿ, ವೆಂಟಿಲೇಟರ್ ಹಾಕಿ, ದಿನಗಟ್ಟಲೆ ಕಾಯಲು ಅರಿವಳಿಕೆ ಮತ್ತು ತೀವ್ರ ನಿಗಾ ಬಲ್ಲವರು ಬೇಕು. ಅದಕ್ಕೇ ಹಲವರನ್ನು ಮೈಸೂರಿಗೆ ಸಾಗಿಸಬೇಕಾಯಿತು.

ಇನ್ನು, ಆ ಓದು ನೆಪವೇನಲ್ಲ. ತಜ್ಞ ಪದವಿಯ ಪ್ರವೇಶ ಪರೀಕ್ಷೆಯಾದ ನೀಟ್-ಪಿಜಿಯಲ್ಲಿ 2025ರಲ್ಲಿ 200 ಪ್ರಶ್ನೆ, ಮೂರೂವರೆ ಗಂಟೆ. 40 ಪ್ರಶ್ನೆಗಳ ಪ್ರತಿ ಭಾಗಕ್ಕೆ 42 ನಿಮಿಷ. ಅವಧಿ ಮುಗಿದರೆ ಹಿಂದಿನ ಭಾಗಕ್ಕೆ ಮರಳುವಂತಿಲ್ಲ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಕಡಿತ. ಇಷ್ಟಾದರೂ ಅದು ಹೊಸ್ತಿಲು ಮಾತ್ರ. ಡಿಎನ್‌ಬಿ ಎಂಬ ತಜ್ಞ ಪದವಿಗೆ ಸೇರಿದವರು ಮೂರು ವರ್ಷ ದುಡಿದು, ಪ್ರಬಂಧ ಬರೆದು, ಲಿಖಿತ ಪರೀಕ್ಷೆ ದಾಟಿ, ಕೊನೆಗೆ ರೋಗಿಯ ಪಕ್ಕದಲ್ಲೇ ಪರೀಕ್ಷಕರಿಗೆ ಉತ್ತರಿಸಬೇಕು.

ಪರೀಕ್ಷೆಯ ವ್ಯವಸ್ಥೆಯನ್ನು ಬೈಯುವುದಾದರೆ ಬೈಯಲಿ. 2023ರಲ್ಲಿ ನೀಟ್-ಪಿಜಿಯ ಅರ್ಹತೆಯನ್ನು ಶೂನ್ಯ ಪರ್ಸೆಂಟೈಲ್‌ಗೆ ಇಳಿಸಿದ್ದು ನಗೆಪಾಟಲೇ.

ಆದರೆ ಓದಿದವರನ್ನು ಹಳ್ಳಿಗೆ ಮರಳಿಸುವ ದಾರಿಗಳಿವೆ. ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ರಾಜ್ಯಗಳು ಪಿಜಿ ಸೀಟು ಮೀಸಲಿಡಬಹುದು, ಓದಿನ ನಂತರ ಗ್ರಾಮೀಣ ಸೇವೆಯ ಕರಾರನ್ನೂ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 31ರಂದೇ ಹೇಳಿದೆ. ಲೇಖಕರು ಈ ತೀರ್ಪಿನ ಸೊಲ್ಲೇ ಎತ್ತಿಲ್ಲ.