ಪೂರ್ವ ಏಷ್ಯಾದ ಅಧ್ಯಯನ ಮತ್ತು ನಮ್ಮ ಮಾರ್ಗ–ದೇಸಿ

ತೌಲನಿಕ ಅಧ್ಯಯನದ ಚರ್ಚೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ಭಾರತಕ್ಕೆ ಸಂಸ್ಕೃತ ಹೇಗೋ, ಪೂರ್ವ ಏಷ್ಯಾಕ್ಕೆ ಅಭಿಜಾತ ಚೀನೀ ಭಾಷೆ ಹಾಗೆ. ಸಂಶೋಧನೆಯ ಮೊದಲ ವರ್ಷದಲ್ಲಿ ನಾನೂ ಇದನ್ನು ನಂಬಿ, ಹಳಗನ್ನಡದ ಮಾರ್ಗ–ದೇಸಿ ಚರ್ಚೆಯನ್ನು ಜಪಾನಿನ ಪ್ರಾಚೀನ ಸಾಹಿತ್ಯದೊಂದಿಗೆ ಹೋಲಿಸಿ ಪ್ರಬಂಧವೊಂದನ್ನು ಮಂಡಿಸಿದೆ. ಬಳಸಿದ ಆಕರಗಳೆಲ್ಲ ಇಂಗ್ಲಿಷ್ ಅನುವಾದಗಳು. ವಿಚಾರ ಸಂಕಿರಣದಲ್ಲಿ ಮೆಚ್ಚುಗೆಯೇನೋ ದೊರೆಯಿತು. ತಪ್ಪು ತಿಳಿದದ್ದು ಆಮೇಲೆ, ಜಪಾನೀ ಭಾಷೆಯ ಪಾಠಕ್ಕೆ ಕುಳಿತಾಗ.

ಚೀನೀ ಭಾಷೆಯಲ್ಲಿ ಕ್ರಿಯಾಪದ ಮೊದಲು, ಕರ್ಮಪದ ಅನಂತರ: 'ದು ಶು', ಎಂದರೆ 'ಓದು–ಪುಸ್ತಕ'. ಜಪಾನೀಯರು ಇದೇ ಎರಡು ಲಿಪಿಚಿಹ್ನೆಗಳ ಪಕ್ಕದಲ್ಲಿ ಪುಟ್ಟ ಗುರುತು ಹಾಕಿ, ಕ್ರಮವನ್ನು ತಿರುಗಿಸಿ, ವಿಭಕ್ತಿ ಪ್ರತ್ಯಯ ಸೇರಿಸಿ 'ಶೋ ಒ ಯೊಮು' ಎಂದು ಓದಿಕೊಂಡರು. ನಮ್ಮ 'ಪುಸ್ತಕವನ್ನು ಓದು' ಎಂಬುದರ ಪದಕ್ರಮವೇ ಅದು. ಕನ್‌ಬುನ್ ಕುಂದೊಕು ಎಂಬ ಈ ಪದ್ಧತಿಯಲ್ಲಿ ಹಾಳೆಯ ಮೇಲಿರುವುದು ಚೀನೀ, ನಾಲಿಗೆಯ ಮೇಲೆ ಬರುವುದು ಜಪಾನೀ. ಕೊರಿಯಾದಲ್ಲಿಯೂ ಇಂತಹ ಓದಿನ ಗುರುತುಗಳಿದ್ದವು. ನಮ್ಮಲ್ಲಿ ಸಂಸ್ಕೃತ ಕೃತಿಗಳಿಗೆ ಕನ್ನಡ ಟೀಕೆಗಳಿವೆ, ಅನುವಾದಗಳಿವೆ. ಆದರೆ ಶ್ಲೋಕವನ್ನೇ ಕಣ್ಣೆದುರಿಟ್ಟುಕೊಂಡು ಅದನ್ನು ಕನ್ನಡವಾಗಿ ಉಚ್ಚರಿಸುವ ಸಂಪ್ರದಾಯ ಬೆಳೆಯಲಿಲ್ಲ. ಸಂಸ್ಕೃತವು ಉಚ್ಚಾರಣೆಯನ್ನು ಉಳಿಸಿಕೊಂಡು ಹಲವು ಲಿಪಿಗಳಲ್ಲಿ ಸಂಚರಿಸಿತು. ಅಭಿಜಾತ ಚೀನೀಯು ಲಿಪಿಯನ್ನು ಉಳಿಸಿಕೊಂಡು ಹಲವು ಉಚ್ಚಾರಣೆಗಳಲ್ಲಿ ಸಂಚರಿಸಿತು. ಹಾಗಿರುವಲ್ಲಿ ಮಾರ್ಗ ಎಲ್ಲಿ ಮುಗಿಯುತ್ತದೆ, ದೇಸಿ ಎಲ್ಲಿ ಆರಂಭವಾಗುತ್ತದೆ? ಇಂಗ್ಲಿಷ್ ಅನುವಾದವನ್ನಷ್ಟೇ ಓದಿದವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ನನಗೂ ಹುಟ್ಟಿರಲಿಲ್ಲ.

ಷೆಲ್ಡನ್ ಪೊಲಾಕ್ ತಮ್ಮ 2006ರ ಗ್ರಂಥದಲ್ಲಿ ದೇಶಭಾಷೆಗಳ ಉದಯವನ್ನು ವಿವರಿಸಲು ಕನ್ನಡವನ್ನು ಪ್ರಮುಖ ನಿದರ್ಶನವಾಗಿ ತೆಗೆದುಕೊಂಡರು. ಪೂರ್ವ ಏಷ್ಯಾದ ಅಧ್ಯಯನಕಾರರು ಆ ಪ್ರಮೇಯವನ್ನು ತಮ್ಮ ಆಕರಗಳ ಮೇಲೆ ಒರೆಹಚ್ಚಿದ್ದಾರೆ. ಪೀಟರ್ ಕೊರ್ನಿಕಿಯವರ 2018ರ ಗ್ರಂಥ ಈ ಸಾಲಿಗೆ ಸೇರಿದ್ದು. ಕನ್ನಡದ ಪ್ರಶ್ನೆ ಅವರ ಅಂಗಳಕ್ಕೆ ಹೋಗಿಯಾಗಿದೆ. ಉತ್ತರ ಕೊಡಬೇಕಾದ ನಾವು ಮಾತ್ರ ಅಲ್ಲಿಲ್ಲ.

ಅಮೆರಿಕದ ವಿಭಾಗಗಳಲ್ಲಿ ಪ್ರಾಚೀನ ಜಪಾನನ್ನು ಅಧ್ಯಯನ ಮಾಡುವವರು ಆಧುನಿಕ ಜಪಾನಿಯ ಜೊತೆಗೆ ಅಭಿಜಾತ ಜಪಾನಿಯನ್ನೂ ಕನ್‌ಬುನ್ ಅನ್ನೂ ಕಲಿಯುವುದು ವಾಡಿಕೆ. (ಅಲ್ಲಿನ ಭಾಷಾಕಲಿಕೆಗೆ ಹಣ ಹರಿದದ್ದು ಶೀತಲ ಸಮರದ ಕಾಲದ 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯಿಂದ, ಕೇವಲ ವಿದ್ಯಾಪ್ರೇಮದಿಂದಲ್ಲ ಎಂಬುದು ಬೇರೆ ಮಾತು.) ನಮ್ಮಲ್ಲಿ ಶಾಂತಿನಿಕೇತನದ ಚೀನಾಭವನ 1937ರಲ್ಲಿಯೇ ಆರಂಭವಾಯಿತು. ಆದರೆ ಕನ್ನಡ ವಿಭಾಗದ ಸಂಶೋಧಕನೊಬ್ಬ ಒಂದು ವರ್ಷವನ್ನು ಜಪಾನಿಗೋ ಚೀನಿಗೋ ಕೊಟ್ಟರೆ ಅದು ಪ್ರಗತಿ ವರದಿಯಲ್ಲಿ 'ವಿಷಯಾಂತರ' ಎನಿಸಿಕೊಳ್ಳುತ್ತದೆ. ಯುಜಿಸಿಯ 2022ರ ನಿಯಮಾವಳಿ ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷಗಳ ಅವಧಿ ಕೊಟ್ಟಿದೆ. ಕಾಲ ಇಲ್ಲವೆಂದಲ್ಲ, ಭಾಷೆ ಕಲಿಯುವುದನ್ನು ಸಂಶೋಧನೆಯೆಂದು ನಾವು ಎಣಿಸುತ್ತಿಲ್ಲ. ತೌಲನಿಕ ವಿಷಯವನ್ನು ಆಯ್ದುಕೊಂಡವರಿಗೆ ಎರಡನೆಯ ಮೂಲಭಾಷೆಯ ಕಲಿಕೆಯನ್ನು ಕೋರ್ಸ್‌ವರ್ಕ್‌ನಲ್ಲಿಯೇ ಸೇರಿಸಲು ಅಧ್ಯಯನ ಮಂಡಳಿಗಳು ಒಪ್ಪಬೇಕು.

ನನ್ನ ಆ ಪ್ರಬಂಧವನ್ನು ಸಂಕಿರಣದ ಸಂಪುಟದಿಂದ ಹಿಂದಕ್ಕೆ ಪಡೆದಿದ್ದೇನೆ.