ಫ್ರೇಮಿಗೆ ಅಡ್ಡ ಬಂದ ಕಂಬ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಔಟ್‌ಡೋರ್ ಅಂದ್ರೆ ಕ್ಯಾಮೆರಾಮನ್‌ಗೆ ತಲೆನೋವು. ಗದ್ದೆ, ಕೆರೆ, ತೆಂಗು ಎಲ್ಲಾ ಸರಿ. ನಡುವೆ ಕರೆಂಟ್ ತಂತಿ! ರಾಜರ ಕಥೆಯಲ್ಲಿ ಕುದುರೆ ಹಿಂದೆ ಕಂಬ ಕಂಡ್ರೆ ಗಾಂಧಿ ಕ್ಲಾಸಿನವನು ಬಿಡ್ತಾನಾ?

ತಂತಿಯ ತವರೇ ಇದು ಸ್ವಾಮಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಕರೆಂಟ್ ಹೋದದ್ದು ಕಂಬದ ಮೇಲೇ.

ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಈಗ ತಂತಿ ನೆಲದಡಿ ಸೇರಿದೆ. ಹಳ್ಳಿಗೆ ಯಾಕಿಲ್ಲ? ಖರ್ಚು ಹಲವು ಪಟ್ಟು, ಕೆಟ್ಟರೆ ಅಗೆದು ಹುಡುಕಬೇಕು. ನಿಜ. ಎಲ್ಲಾ ಹೂಳೋದು ಬೇಡ. ಗಗನಚುಕ್ಕಿ ನೋಟಕ್ಕೆ ಅಡ್ಡ ಬರೋದು, ಕಬ್ಬಿನ ಮೇಲೆ ಜೋತುಬಿದ್ದದ್ದು, ಇವಿಷ್ಟು ಮೊದಲು ರಸ್ತೆ ಬದಿ ನೆಲ ಸೇರಲಿ.

ಪರದೆ ಮೇಲಿನ ತಂತಿಯನ್ನು ಕಂಪ್ಯೂಟರ್ ಅಳಿಸುತ್ತೆ. ಅದರ ಕಿಡಿಗೆ ಸುಟ್ಟ ಕಬ್ಬನ್ನು ರೈತನಿಗೆ ಯಾವ ಕಂಪ್ಯೂಟರ್ ವಾಪಸ್ ಕೊಡುತ್ತೆ, ಹೇಳಿ?